ಸಿಮೆಂಟಿನ ಕೆಳಗೆ ಉಳಿದ ಪನ್ನೀರು ಗುಲಾಬಿ

ಬಿಳಿಚೋಡಿನಲ್ಲಿರುವ ನನ್ನ ತಂಗಿಗೆ ಆಪರೇಷನ್ ಆಗಿತ್ತು. ಐದು ದಿನ ಅವಳ ಮನೆಯಲ್ಲಿದ್ದು, ದಾವಣಗೆರೆಯಲ್ಲಿ ಒಂದು ಬಸ್ಸು, ಹೊನ್ನಾಳಿಯಲ್ಲಿ ಇನ್ನೊಂದು ಬಸ್ಸು ಬದಲಿಸಿ ನ್ಯಾಮತಿಗೆ ಬಂದಿಳಿದಾಗ ಮಧ್ಯಾಹ್ನ ಮೂರು ಗಂಟೆ. ಮನೆಯ ಗೇಟು ತೆಗೆದೆ. ಕಾಲಿಟ್ಟ ಕಡೆ ಮಣ್ಣೇ ಇರಲಿಲ್ಲ. ಗೇಟಿನಿಂದ ಬಾಗಿಲ ಮೆಟ್ಟಿಲವರೆಗೂ ಹೊಸ ಸಿಮೆಂಟು, ಅದು ಒಣಗಿ ಬಿರಿಯದಿರಲೆಂದು ಹಾಸಿದ ಒದ್ದೆ ಗೋಣಿಚೀಲಗಳು. ಕಾಂಪೌಂಡಿನ ಮೂಲೆಯಲ್ಲಿ ನನ್ನ ಎದೆಯೆತ್ತರಕ್ಕೆ ಪೊದೆಯಾಗಿ ನಿಂತಿದ್ದ ಪನ್ನೀರು ಗುಲಾಬಿ ಇರಲಿಲ್ಲ.

ನನ್ನ ಅತ್ತೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ನನ್ನ ಗಂಡ ಒಳಗಿನಿಂದ ಬಂದರು.

"ಬಂದ್ಯಾ? ನಿನ್ ತಂಗಿ ಹೆಂಗದಾಳೆ?"

"ಗಿಡ ಎಲ್ಲಿ ರೀ?"

"ಮೊದ್ಲು ಒಳಗೆ ಬಾ, ನೀರು ಕುಡಿ."

"ಗಿಡ ಎಲ್ಲಿ ಅಂತ ಕೇಳ್ದೆ."

"ತೆಗ್ಸಿದೆ. ಕಾರು ನಿಲ್ಸಾಕೆ ಜಾಗ ಬೇಕಲ್ಲ."

ಅವರ ದನಿಯಲ್ಲಿ ಅಳುಕು ಇರಲಿಲ್ಲ. ಹಾಲು ಒಡೆಯಿತು, ಚೆಲ್ಲಿದೆ ಎನ್ನುವ ಹಾಗೆ ಹೇಳಿದರು. ನನಗೆ ಮೈಯೆಲ್ಲ ಉರಿದದ್ದು ಆ ದನಿಗೆ.

ಆ ಗಿಡ ನಾನು ತವರಿನಿಂದ ತಂದದ್ದು. ಸೂಳೆಕೆರೆಯ ಪಕ್ಕದ ಹಳ್ಳಿ ನನ್ನ ತವರು. ಅಲ್ಲಿ ನಮ್ಮಮ್ಮನ ಬಚ್ಚಲ ಹಿಂದೆ ಇಂಥದೇ ಒಂದು ಪೊದೆ ಇತ್ತು. ಈಗ ಹಾಸ್ಟೆಲಿನಲ್ಲಿರುವ ಮಗಳು ಹುಟ್ಟಿ, ನನ್ನ ಬಾಣಂತನ ಮುಗಿದು ಗಂಡನ ಮನೆಗೆ ಹೊರಟಾಗ ಅಮ್ಮ ಪೆನ್ಸಿಲ್ ದಪ್ಪದ ಮೂರು ಕಡ್ಡಿ ಓರೆಯಾಗಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೂಸಿನ ಬಟ್ಟೆಯ ಚೀಲದಲ್ಲಿಟ್ಟಿದ್ದಳು. ಎರಡು ಕಡ್ಡಿ ಒಣಗಿದವು. ಮೂರನೆಯದು ಒಂದು ತಿಂಗಳು ಸತ್ತಂತೆ ನಿಂತು, ಆಮೇಲೆ ಗಿಣಿಮೂಗಿನಂಥ ಕೆಂಪು ಚಿಗುರು ಹಾಕಿತು. ಗೆದ್ದಲು ಹತ್ತಿದಾಗ ಬುಡ ಬಿಡಿಸಿ ಬೇವಿನ ಹಿಂಡಿ ಹಾಕಿದೆ. ಎಲೆಗೆ ಬಿಳಿ ಬೂದಿ ಕೂತಾಗ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಚಿಮುಕಿಸಿದೆ. ಅಕ್ಕಿ ತೊಳೆದ ನೀರು ದಿನಾ ಅದಕ್ಕೇ. ದೀಪಾವಳಿ ಕಳೆದ ಮೇಲೆ ಹಳೆಯ ರೆಂಬೆಗಳನ್ನು ಸವರುತ್ತಿದ್ದೆ. ಮುಳ್ಳು ಒಂದೆರಡಲ್ಲ, ಕಡ್ಡಿಯ ತುಂಬಾ. ಕೈ ಗೀರಿಸಿಕೊಳ್ಳದೆ ಒಂದು ಹೂ ಕೊಟ್ಟ ಗಿಡವಲ್ಲ ಅದು.

ಹೂವು ನೋಡಲು ಅಂಥ ಚೆಂದವೇನಿಲ್ಲ. ತಿಳಿ ಗುಲಾಬಿ ಬಣ್ಣ, ಸಡಿಲ ಎಸಳು. ಬೆಳಿಗ್ಗೆ ಬಿಡಿಸಿದರೆ ಮಧ್ಯಾಹ್ನಕ್ಕೆ ಉದುರುತ್ತದೆ. ಆದರೆ ಪರಿಮಳ! ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಿಷಿನ್ನು ಕಿಟಕಿಯ ಪಕ್ಕ. ಜನವರಿಯ ಬೆಳಿಗ್ಗೆ ಕಿಟಕಿ ತೆಗೆದರೆ ಸಾಕು, ಹೊಲಿಯುತ್ತಿದ್ದ ಬ್ಲೌಸಿಗೂ ಆ ವಾಸನೆ ಹತ್ತುತ್ತಿತ್ತು. ಅಳತೆ ಕೊಡಲು ಬಂದ ಹೆಂಗಸರು ಮಾತು ನಿಲ್ಲಿಸಿ ಮೂಗೆಳೆಯುತ್ತಿದ್ದರು. ಎಸಳನ್ನು ಸಕ್ಕರೆಯ ಜೊತೆ ಗಾಜಿನ ಬಾಟಲಿಗೆ ಪದರ ಪದರವಾಗಿ ತುಂಬಿ, ಬಿಸಿಲಿಗಿಟ್ಟು ಗುಲ್ಕನ್ ಮಾಡುತ್ತಿದ್ದೆ. ಬೇಸಿಗೆಯಲ್ಲಿ ಊಟವಾದ ಮೇಲೆ ಒಂದು ಚಮಚ ಗುಲ್ಕನ್ ತಿನ್ನದೆ ನನ್ನ ಗಂಡ ಕೈ ತೊಳೆದವರಲ್ಲ. ಅದೇ ಬಾಯಲ್ಲಿ ಗಿಡ ಕಡಿಯಿರಿ ಎಂದು ಹೇಳಿದ್ದರು.

ಅವರು ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತರು. ಮಳೆಗಾಲ ಮುಗಿದ ಮೇಲೆ ಒಂದು ಹಳೇ ಕಾರು ತಂದಿದ್ದರು. ನ್ಯಾಮತಿ ತಾಲೂಕು ಆದ ಮೇಲೆ ನಮ್ಮ ಬೀದಿಯಲ್ಲೂ ಬೈಕು, ಟಂಟಂ, ಕಾರು ತುಂಬಿ, ಬಾಗಿಲಲ್ಲಿ ಗಾಡಿ ನಿಲ್ಲಿಸುವುದು ಕಷ್ಟವಾಗಿತ್ತು, ನಿಜ. ಅಂಗಳಕ್ಕೆ ಸಿಮೆಂಟು ಹಾಕಿಸುವ ಮಾತು ಬಂದಾಗ ನಾನು ಬೇಡ ಎಂದಿರಲಿಲ್ಲ. "ಗಿಡ ಒಂದು ಬಿಟ್ಟು ಏನಾದ್ರೂ ಮಾಡ್ಕಳ್ರಿ" ಎಂದಿದ್ದೆ. ಅವರು "ಹೂಂ" ಎಂದಿದ್ದರು. ಹೂಂ ಎಂದವರು ನಾನು ಊರಲ್ಲಿ ಇಲ್ಲದ ವಾರವನ್ನೇ ನೋಡಿ ಗಾರೆಯವನನ್ನು ಕರೆಸಿದ್ದರು. ಗಿಡ ಇದ್ದರೂ ಕಾರು ಅಂಗಳದಲ್ಲಿ ಹಿಡಿಯುತ್ತಿತ್ತು. ಆದರೆ ಒಳಗೆ ತರುವಾಗ ರೆಂಬೆ ಕಾರಿನ ಬಾಗಿಲಿಗೆ ಗೀರುತ್ತದಂತೆ, ಬಣ್ಣ ಹೋಗುತ್ತದಂತೆ.

ಆ ಸಂಜೆ ನಾನು ಒಲೆ ಹಚ್ಚಲಿಲ್ಲ. ಅವರೇ ಹೋಟೆಲಿನಿಂದ ಇಡ್ಲಿ ತಂದರು. ನಾನು ತಿನ್ನಲಿಲ್ಲ.

ಮರುದಿನ ಮಧ್ಯಾಹ್ನ ಒಂದು ಕುಂಡ ಹಿಡಿದುಕೊಂಡು ಬಂದರು. ನರ್ಸರಿಯ ಗುಲಾಬಿ. ಮುಷ್ಟಿ ಗಾತ್ರದ ಎರಡು ಕಡುಗೆಂಪು ಹೂವು, ಕಸಿ ಕಟ್ಟಿದ ಕಡೆ ಪ್ಲಾಸ್ಟಿಕ್ ಪಟ್ಟಿ ಇನ್ನೂ ಹಾಗೇ ಇತ್ತು.

"ತಗೋ. ಅದಕ್ಕಿಂತ ದೊಡ್ ಹೂವು. ಎಲ್ಲಿ ಬೇಕಾದ್ರೂ ಎತ್ತಿಡಬೌದು."

"ಮೂಸಿ ನೋಡ್ರಿ."

"ಏನು?"

"ಮೂಸಿ ನೋಡ್ರಿ ಅಂದೆ."

ಅವರು ಬಗ್ಗಿ ಮೂಸಿದರು. ಇನ್ನೊಂದು ಸಲ ಮೂಸಿದರು. ನಾನು ಎದುರಿಗೇ ನಿಂತಿದ್ದೆ.

"ವಾಸ್ನೆ ಇಲ್ಲ" ಎಂದರು ಕೊನೆಗೆ. "ಆದ್ರೆ ಒಂದು ಗಿಡಕ್ಕೆ ಇಷ್ಟೊಂದಾ? ಯಾರಾದ್ರೂ ಕೇಳಿದ್ರೆ ನಕ್ಕಾರು."

"ನಗ್ಲಿ. ನೀವು ನನ್ನ ಒಂದು ಮಾತು ಕೇಳಿದ್ರಾ? ಫೋನ್ ಇತ್ತಲ್ಲ ಕೈಯಾಗೆ? ದಿನಾ ಎರಡು ಸಲ ಮಾತಾಡಿದ್ರಿ. ಸಾರಿನ ಪುಡಿ ಎಲ್ಲೈತೆ ಅಂತ ಕೇಳಾಕೆ ಫೋನ್ ಬಂತು, ಗಿಡ ಕಡೀಲಾ ಅಂತ ಕೇಳಾಕೆ ಬರ್ಲಿಲ್ಲ!"

ಕುಂಡವನ್ನು ಅಲ್ಲೇ ಇಟ್ಟು ಅಂಗಡಿಗೆ ಹೋದರು. ನಾನು ಜಗಲಿಗೆ ಬಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಅತ್ತೆಯ ಮೇಲೆ ತಿರುಗಿತು.

"ನೀವಾದ್ರೂ ಬೇಡ ಅನ್ನಬೌದಿತ್ತಲ್ಲ ಅತ್ತೆ? ಕಡಿಯೋದನ್ನ ನೋಡ್ಕಂಡು ಕೂತಿದ್ರಾ?"

ಅತ್ತೆಗೆ ಆ ಗಿಡ ಎಂದೂ ಸೇರುತ್ತಿರಲಿಲ್ಲ. ಮುಳ್ಳಿನ ಗಿಡ ಬಾಗಿಲೆದುರು ಇರಬಾರದು ಎಂದು ಮೊದಲ ವರ್ಷದಿಂದಲೂ ಗೊಣಗುತ್ತಿದ್ದರು. ಈಗಲೂ ಅದನ್ನೇ ಹೇಳುತ್ತಾರೆಂದು ನಾನು ಜಗಳಕ್ಕೆ ತಯಾರಾಗಿ ನಿಂತಿದ್ದೆ.

"ನನ್ ಮಾತು ಯಾರು ಕೇಳ್ತಾರೆ?" ಎಂದರು. "ಈಗ ಬಚ್ಚಲು ಐತಲ್ಲ, ಅಲ್ಲಿ ನನ್ನದೊಂದು ಮಲ್ಲಿಗೆ ಬಳ್ಳಿ ಇತ್ತು. ನಿಮ್ಮಾವ ಕಿತ್ತಾಕ್ಸಿದ್ರು. ನಾನು ಒಳಗೆ ಹೋಗಿ ರೊಟ್ಟಿ ಬಡಿದೆ. ಈಗ್ಲೂ ಅಂಗೇ ಎದ್ದು ಒಳಗೆ ಹೋದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಮಲ್ಲಿಗೆಯ ವಿಷಯ ನನಗೆ ಗೊತ್ತಿರಲಿಲ್ಲ. ಕನಿಕರ ಬರಬೇಕಿತ್ತು. ಬರಲಿಲ್ಲ. ಇನ್ನಷ್ಟು ಸಿಟ್ಟು ಬಂತು. ಒಳಗೆ ಹೋಗಿ ರೊಟ್ಟಿ ಬಡಿಯುವುದನ್ನೇ ಅಲ್ಲವೇ ನನಗೂ ಕಲಿಸಿದ್ದು?

ಸಂಜೆ ಗಾರೆಯವನು ಬಿಟ್ಟುಹೋಗಿದ್ದ ಕರಣೆ, ಬಾಂಡ್ಲಿ ಒಯ್ಯಲು ಬಂದ. ಗಿಡ ಎಲ್ಲಿ ಎಸೆದೆ ಎಂದು ಕೇಳಿದೆ.

"ಚಾನಲ್ ದಂಡೆಗೆ ಹಾಕ್ದೆ ಅಕ್ಕಾ. ಒಣಗಿ ಹೋಗಿರ್ತೈತೆ. ಮೊಗ್ಗು ತುಂಬಿತ್ತು, ಕಡಿಯಾಕೆ ನಂಗೇ ಮನಸ್ಸು ಬರ್ಲಿಲ್ಲ. ಸಾಹುಕಾರ್ರು ಹೇಳಿದ್ರು, ಮಾಡಿದೆ."

"ಬೇರು?"

"ಬೇರು ಎಲ್ಲಿ ಕೀಳಾನ? ಕಲ್ಲಿನಂಗೆ ಕಚ್ಕಂಡಿತ್ತು. ನೆಲಕ್ಕೆ ಸಮ ಕಡ್ದು ಮೇಲೆ ಜಲ್ಲಿ ಹಾಕಿಬಿಟ್ಟೆ."

ಅವನು ಹೋದ ಕೂಡಲೇ ಹಿತ್ತಿಲಿನಿಂದ ಹಾರೆ ತಂದೆ. ಮೂಲೆಯ ಗೋಣಿಚೀಲ ಸರಿಸಿ ಮೊದಲ ಏಟು ಹಾಕಿದೆ. ಕೈ ಜುಮ್ಮೆಂದಿತು, ಸಿಮೆಂಟಿಗೆ ಏನೂ ಆಗಲಿಲ್ಲ. ಎಂಟೋ ಹತ್ತೋ ಏಟಿಗೆ ಒಂದು ಬಿರುಕು ಬಿಟ್ಟಿತು. ಅಕ್ಕಪಕ್ಕದವರು ಗೇಟಿನ ಹತ್ತಿರ ಬಂದು ನಿಂತರು. ಯಾರೋ ಅಂಗಡಿಗೆ ಸುದ್ದಿ ಮುಟ್ಟಿಸಿರಬೇಕು, ನನ್ನ ಗಂಡ ಬೈಕಿನಲ್ಲಿ ಓಡಿಬಂದರು.

"ಏನ್ ತಲೆ ಕೆಟ್ಟೈತಾ ನಿಂಗೆ? ಹೊಸಾ ಸಿಮೆಂಟು! ಬಿಡು ಹಾರೆ!"

"ಮುಟ್ಟಬ್ಯಾಡ್ರಿ."

ನನ್ನ ಮುಖದಲ್ಲಿ ಏನು ಕಂಡರೋ, ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಅತ್ತೆ ಜಗಲಿಯಿಂದ ಮಗನನ್ನು ಕರೆದರು. "ನೀ ಒಳಗೆ ಹೋಗಪ್ಪಾ." ಅವರು ಅಮ್ಮನ ಮುಖ ನೋಡಿದರು. "ಹೋಗು ಅಂದ್ನಲ್ಲ" ಎಂದರು ಅತ್ತೆ ಮತ್ತೊಮ್ಮೆ, ಜೋರಾಗಿ. ನನಗೂ ಒಂದು ಮಾತು ಬಂತು: "ಬುಡದ ಹತ್ರ ಹಾರೆ ಬ್ಯಾಡ, ಬೇರಿಗೆ ತಗುಲೀತು. ಕೈಲಿ ತೆಗಿ."

ಕತ್ತಲಾಗುವಷ್ಟರಲ್ಲಿ ಎರಡು ಮೊಳ ಅಗಲದ ಗುಂಡಿಯಾಗಿತ್ತು. ನನ್ನ ಅಂಗೈ ಬೊಬ್ಬೆ ಎದ್ದು ಒಡೆದಿತ್ತು. ಜಲ್ಲಿ ಬಾಚಿ ತೆಗೆದಾಗ ಮಣಿಕಟ್ಟಿನಷ್ಟು ದಪ್ಪದ ಬುಡ ಸಿಕ್ಕಿತು, ಸಿಮೆಂಟಿನ ಹಾಲು ಹಿಡಿದು ಬೆಳ್ಳಗಾಗಿತ್ತು. ಉಗುರಿನಿಂದ ಸಿಪ್ಪೆ ಕೆರೆದೆ. ಒಳಗೆ ಹಸಿರಿತ್ತು. ಕೊಡಗಟ್ಟಲೆ ನೀರು ಸುರಿದು ಸಿಮೆಂಟಿನ ಸುಣ್ಣ ತೊಳೆದೆ, ಮೇಲಿನ ಮಣ್ಣು ತೆಗೆದು ಹೊಸ ಮಣ್ಣು, ಹಳೆ ಸಗಣಿಗೊಬ್ಬರ ಹಾಕಿದೆ. ಅಷ್ಟು ಹೊತ್ತೂ ನನಗೆ ಅಳು ಬರಲಿಲ್ಲ. ಗಂಡ ಬಾಗಿಲಲ್ಲಿ ನಿಂತು "ಊಟ ಮಾಡೇಳು" ಎಂದಾಗ ಮಾತ್ರ ಬಂತು, ಅದೂ ರೋಷಕ್ಕೆ.

ಆಮೇಲೆ ಒಂದೂವರೆ ತಿಂಗಳು ಅಲ್ಲಿ ಏನೂ ಇರಲಿಲ್ಲ. ದಿನಾ ನೀರು ಹಾಕುತ್ತಿದ್ದೆ. ಬೀದಿಯವರು ಆ ಗುಂಡಿಯನ್ನೂ ನನ್ನನ್ನೂ ನೋಡಿ ಹೋಗುತ್ತಿದ್ದರು. ಗುಂಡಿಗೆ ಚಕ್ರ ಇಳಿದೀತೆಂದು ಕಾರು ಹೊರಗೇ ನಿಲ್ಲುತ್ತಿತ್ತು. ಯುಗಾದಿಗೆ ವಾರ ಇರುವಾಗ ಬುಡದ ಪಕ್ಕದಲ್ಲಿ, ಬೇರಿನಿಂದಲೇ, ಎರಡು ಚಿಗುರು ಬಂದವು. ಮೊದಲು ಕಂಡದ್ದು ಅತ್ತೆಗೆ. ಮಿಷಿನ್ನಿನ ಮುಂದೆ ಕೂತಿದ್ದ ನನ್ನನ್ನು ಕೈ ಹಿಡಿದು ಎಬ್ಬಿಸಿಕೊಂಡು ಹೋಗಿ ತೋರಿಸಿದರು. ಈ ವರ್ಷ ಅದು ಮೊಣಕಾಲೆತ್ತರ ಬೆಳೆದು ಏಳೆಂಟು ಹೂ ಬಿಟ್ಟಿದೆ. ಗುಲ್ಕನ್ನಿಗೆ ಸಾಲದು. ಸಾಲುವಷ್ಟಾದರೂ ನನ್ನ ಗಂಡನಿಗೆ ಬಡಿಸುತ್ತೇನೋ ಇಲ್ಲವೋ, ಈಗಲೇ ಹೇಳಲಾರೆ.

ಸಿಟ್ಟು ಹೋಯಿತೇ ಎಂದು ತಂಗಿ ಫೋನಿನಲ್ಲಿ ಕೇಳುತ್ತಾಳೆ. ಇಲ್ಲ. ಗಿಡ ಚಿಗುರಿದ್ದು ಅದರ ಗಟ್ಟಿತನ. ಅದರಿಂದ ಕಡಿಸಿದವರ ತಪ್ಪು ಕಡಿಮೆಯಾಗುವುದಿಲ್ಲ. "ಚಿಗುರ್ತಲ್ಲ, ಇನ್ನೇನು?" ಎಂದು ಅವರು ನಕ್ಕಾಗ ಮತ್ತೆ ಎರಡು ದಿನ ಮಾತು ಬಿಟ್ಟೆ.

ಮೊನ್ನೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಹೊಸ ಟ್ಯೂಬ್‌ಲೈಟು.

"ಇದನ್ನ ಎಲ್ಲಿ ಹಾಕಿಸ್ಲಿ? ನಡುಮನೇಗಾ, ನಿನ್ ಮಿಷಿನ್ ಹತ್ರಾನಾ?"

ಮದುವೆಯಾದ ಇಷ್ಟು ವರ್ಷಕ್ಕೆ ಅವರು ಹೀಗೆ ಕೇಳಿದ್ದು ಅದೇ ಮೊದಲು. ನಾನು ಹಿಟ್ಟು ನಾದುತ್ತಿದ್ದೆ. ಉತ್ತರ ಕೊಡುವ ಅವಸರ ನನಗಿರಲಿಲ್ಲ. ಅವರು ಕಾಯುತ್ತಾ ನಿಂತರು.