ಮೇಜರನ ಕೋಟಿಗೆ ಹಾಕಿದ ರಫೂ

ಮಿರಜಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಜಟ್ಟೆಪ್ಪ ರಫೂ ಮಾಡತೊಡಗಿ ಮೂವತ್ತೆರಡು ವರ್ಷವಾಯಿತು. ಸುಟ್ಟ, ಹರಿದ, ಹುಳು ತಿಂದ ಬಟ್ಟೆಯ ತೂತನ್ನು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆದ ನೂಲಿನಲ್ಲಿ ನೇಯ್ದು ಮುಚ್ಚುವ ಕೆಲಸ. ಕೈ ಪಳಗಿದಷ್ಟೂ ಕೆಲಸ ಕಾಣದಾಗಬೇಕು. ವಕೀಲರ ಕೋಟು, ಮದುಮಗಳ ಶಾಲು ಎಷ್ಟೋ ಅವನ ಕೈ ದಾಟಿ ಹೋಗಿವೆ. ಇದು ಜಟ್ಟೆಪ್ಪನ ಕೆಲಸ ಎಂದು ಯಾರೂ ಯಾರಿಗೂ ತೋರಿಸಿದ್ದಿಲ್ಲ.

ಅವನಿಗೆ ಸೇನಾಧಿಕಾರಿಗಳ ಹಳೆಯ ಸಮವಸ್ತ್ರ ಕೂಡಿಡುವ ಹುಚ್ಚು ಹಿಡಿಸಿದವಳು ಹೌಸಾಬಾಯಿ. ಬುಟ್ಟಿಯಲ್ಲಿ ಸ್ಟೀಲಿನ ಪಾತ್ರೆ ಹೊತ್ತು, ಸಾಂಗಲಿಯ ಬಂಗಲೆಗಳ ಮುಂದೆ ಕೂಗಿ, ಹಳೆಯ ಬಟ್ಟೆಗೆ ಬದಲು ಪಾತ್ರೆ ಕೊಡುವವಳು. ಒಮ್ಮೆ ಅವಳ ಗಂಟಿನಿಂದ ಉಣ್ಣೆಯ ಕೋಟೊಂದು ಜಾರಿ ಬಿತ್ತು. ಆರಗ ಎಂಬ ಹಳ್ಳಿಯಲ್ಲಿ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಜಟ್ಟೆಪ್ಪನಿಗೆ ಉಣ್ಣೆ ಗೊತ್ತಿತ್ತು. ಅಷ್ಟು ಬಿಗಿಯಾದ ನೇಯ್ಗೆಯನ್ನು ಮಾತ್ರ ಕಂಡಿರಲಿಲ್ಲ. ಅಂದು ಹಿಡಿದ ಹುಚ್ಚು ಹನ್ನೊಂದು ಕೋಟುಗಳಿಗೆ ಬೆಳೆಯಿತು. ಜೊತೆಗೆ ಬಿಸ್ಕೀಟಿನ ಡಬ್ಬಿ ತುಂಬ ಭುಜದ ನಕ್ಷತ್ರ, ಹಿತ್ತಾಳೆ ಗುಂಡಿ, ಟೊಪ್ಪಿಗೆಯ ಬಿಲ್ಲೆ.

“ಹಾಕ್ಕೊಳ್ಳಾಂವ ಅಲ್ಲ, ಮಾರಾಂವ ಅಲ್ಲ. ಸತ್ತ ಸಾಹೇಬರ ಸಂಸಾರ ಕಟ್ಟೀದಿ ನೋಡ ತಮ್ಮಾ,” ಎಂದು ಹೌಸಾಬಾಯಿ ಕೆಣಕುತ್ತಿದ್ದಳು.

“ನೀ ಪಾತೇಲಿ ಕೊಟ್ಟ ತರ್ತಿ, ನಾ ಜೀವಾ ಕೊಟ್ಟ ಇಡ್ತೇನಿ ಅಕ್ಕಾ.”

ಎಲ್ಲಕ್ಕಿಂತ ಮಿಗಿಲಾದದ್ದು ಮೇಜರನೊಬ್ಬನ ಕೋಟು; ೧೯೪೬ರದ್ದೆಂದು ಕೊಟ್ಟವರು ಹೌಸಾಬಾಯಿಗೆ ಹೇಳಿದ್ದರು. ಎರಡೂ ಭುಜದ ಮೇಲೆ ಸಿಂಹದ ಬಿಲ್ಲೆ, ಅದರ ಪಕ್ಕದಲ್ಲಿ ಎರಡೆರಡು ಸಣ್ಣ ತೂತು. ತೂತು ಏಕಿವೆ ಎಂದು ಜಟ್ಟೆಪ್ಪ ಯೋಚಿಸಲಿಲ್ಲ. ತಂದಿಟ್ಟ ಚಹಾ ಆರುವಷ್ಟರಲ್ಲಿ ಒಳಅಂಚಿನಿಂದ ನೂಲೆಳೆದು ನಾಲ್ಕನ್ನೂ ಮುಚ್ಚಿದ್ದ.

ಈ ವರ್ಷ ಸಾಂಗಲಿಯ ಕಾಲೇಜೊಂದು ಹಳೆಯ ಸಮವಸ್ತ್ರಗಳ ಪ್ರದರ್ಶನ ಮಾಡುವುದಾಗಿ ಸಾರಿತು. ಗಾಜಿನ ಪೆಟ್ಟಿಗೆಯ ಕೆಳಗೆ ಸಂಗ್ರಹಿಸಿದವರ ಹೆಸರು ಬರೆಯುತ್ತಾರೆಂದು ತಿಳಿದಂದಿನಿಂದ ಜಟ್ಟೆಪ್ಪನಿಗೆ ಊಟ ಸೇರಲಿಲ್ಲ. ತನ್ನ ಕೈ ಸೋಕಿದ ಒಂದು ವಸ್ತುವಿನ ಕೆಳಗೆ ತನ್ನ ಹೆಸರು. ಒಂದೇ ಸಲ ಸಾಕು.

ಆಯ್ಕೆಯ ದಿನ ಅವನೂ ಹೌಸಾಬಾಯಿಯೂ ಗಂಟು ಹೊತ್ತು ಹೋದರು. ಇತಿಹಾಸ ಕಲಿಸುವ ನಾಗನಾಥ ಸರ್ ಜತ್ತ ಕಡೆಯವರು, ಕನ್ನಡ ಬಲ್ಲವರು. ಮೇಜರನ ಕೋಟಿನ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಅರ್ಜಿಯಾಗ ನಲವತ್ತಾರರ ಕೋಟು ಅಂತ ಬರದೀರಿ. ಆವಾಗ ಮೇಜರನ ಭುಜದ ಮ್ಯಾಲೆ ರಾಜಾನ ಕಿರೀಟ ಇರತಿತ್ತು. ಗಣರಾಜ್ಯ ಆದಮ್ಯಾಲೆ ಅದನ್ನ ತಗದು ಸಿಂಹ ಹಚ್ಚಿದ್ರು. ಕಿರೀಟದ ಪಿನ್ನಿನ ತೂತು ಎಲ್ಲಿ ಅದಾವ್ರಿ?”

ಜಟ್ಟೆಪ್ಪ ಸಿಂಹದ ಪಕ್ಕದ ಜಾಗ ತೋರಿಸಿದ. “ಮುಚ್ಚೇನ್ರಿ ಸರ್. ನಾನ ರಫೂ ಮಾಡೇನಿ.”

ಸರ್ ಬೆರಳಾಡಿಸಿದರು. ಏನೂ ತಗುಲಲಿಲ್ಲ. ನಕ್ಕರು. “ಸಾಂಗಲ್ಯಾಗ ನಾಟಕ ಕಂಪನಿಗೇನು ಬರಗಾಲೇನ್ರಿ? ಇದು ನಾಟಕದ ಮೇಜರಂದು.”

“ನಾ ತಂದೇನ್ರಿ, ಬಂಗಲೇದಾಗಿಂದ!” ಹೌಸಾಬಾಯಿ ಮುಂದೆ ಬಂದಳು. “ದೊಡ್ಡ ಪಾತೇಲಿ ಕೊಟ್ಟ ತಂದೇನಿ!”

“ಯಾವ ಬಂಗಲೆ, ಬಾಯಿ?”

“ದಿನಾ ನೂರು ಬಾಗಲಾ ತಿರಗತೇನ್ರಿ, ಯಾವುದಂತ ನೆನಪಿಡ್ಲಿ?”

ಜಟ್ಟೆಪ್ಪ ಅಂಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಅಲ್ಲೇ ಕೂತ. ತಾನು ನೇಯ್ದದ್ದನ್ನು ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ನೂಲು ಬಟ್ಟೆಯೇ ಆಗಿಬಿಟ್ಟಿತ್ತು. ನಾಲ್ಕು ತೂತು ಬಾಯಿ ತೆರೆದಾಗ ಸರ್ ಮತ್ತೆ ಭೂತಗನ್ನಡಿ ಹಿಡಿದರು.

“ಅಂಚೆಲ್ಲಾ ಹೊಸಾವು. ಈಗ ನನ್ನ ಕಣ್ಣಮುಂದನ ಸೂಜಿಲೆ ಬಿಡಿಸೀರಿ. ಇದನ್ನ ಪುರಾವಾ ಅಂತ ನಾ ಹ್ಯಾಂಗ ಹೇಳ್ಲಿ?” ದನಿಯಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಉಳಿದವಕ್ಕೂ ರಫೂ ಮಾಡೀರೇನು?”

“ಎಲ್ಲಾಕ್ಕೂ ಮಾಡೇನ್ರಿ.” ಅಭ್ಯಾಸದ ಹೆಮ್ಮೆ ತಡೆಯುವ ಮುಂಚೆಯೇ ಹೊರಬಿತ್ತು. ಹನ್ನೊಂದೂ ಕೋಟು ಗಂಟಿಗೆ ಮರಳಿದವು.

ಬಾಗಿಲು ದಾಟುವಾಗ ಸರ್ ಕರೆದರು. “ಜಟ್ಟೆಪ್ಪಾ, ನಿಮ್ಮ ಕೈ ಮಾತ್ರ ಖರೇನ ಛಲೋ ಐತಿ. ಕೊಲ್ಹಾಪುರದ ಮನಿತನದವರು ಒಂದು ಕೋಟು ಕೊಟ್ಟಾರ, ತೋಳಿಗೆ ಹುಳಾ ಹತ್ಯಾವು. ಹುಳಾ ತಿಂದದ್ದಷ್ಟ ಗೊತ್ತಾಗದಂಗ ಮುಚ್ಚಿ ಕೊಡ್ರಿ.”

ಆಗದು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕೈ ಆ ಕೋಟನ್ನು ಬೆಳಕಿಗೆ ಹಿಡಿದು ನೂಲಿನ ಎಣಿಕೆ ನೋಡುತ್ತಿತ್ತು.

ಪ್ರದರ್ಶನದ ದಿನ ಕೊಲ್ಹಾಪುರದ ಕೋಟು ಗಾಜಿನೊಳಗೆ ನಿಂತಿತ್ತು. ಕೆಳಗೆ ಆ ಮನೆತನದ ಹೆಸರು, ದಪ್ಪ ಅಕ್ಷರದಲ್ಲಿ. ಮ್ಹೈಸಾಳದಿಂದ ಬಂದಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿ, ಪಕ್ಕದಲ್ಲಿದ್ದ ಜಟ್ಟೆಪ್ಪನಿಗೆ ಹೇಳಿದಳು: “ಏಸ ವರ್ಸದ್ದೋ ಏನೋ, ಒಂದ ತೂತಿಲ್ಲ ನೋಡ್ರಿ ಕಾಕಾ. ಎಷ್ಟ ಜ್ವಾಪಾನ ಮಾಡ್ಯಾರ!”

“ಹೌದವಾ,” ಎಂದ ಜಟ್ಟೆಪ್ಪ, “ಭಾಳ ಜ್ವಾಪಾನ ಮಾಡ್ಯಾರ.”