ಲಾರಿ ಬಾಗಿಲಿನ ತೂತುಗಳು

ಅಮದಳ್ಳಿಯ ನಮ್ಮ ಮನೆಗೆ ನೀವು ಹಿತ್ತಿಲ ದಾರಿಯಿಂದ ಬಂದರೆ, ಬೇಲಿಯ ಸಂದಿನಲ್ಲಿ ನಿಮ್ಮನ್ನು ಎದುರುಗೊಳ್ಳುವುದು ಬಿದಿರ ಗಳದ ದಣಪೆಯಲ್ಲ, ಲಾರಿಯ ಬಾಗಿಲು. ಗಾಜಿಲ್ಲದ ಅದರ ಕಿಟಕಿಯಲ್ಲಿ ನಮ್ಮ ಕೋಳಿಯೊಂದು ಡ್ರೈವರನ ಗತ್ತಿನಲ್ಲಿ ಕುಳಿತಿರುತ್ತದೆ. ಹಿಡಿ ತಿರುಗಿಸಿ ಒಳಗೆ ಬನ್ನಿ, ಆದರೆ ಬಾಗಿಲನ್ನು ಧಡಾರನೆ ಹಾಕಬೇಡಿ. ಉಳಿದಿರುವ ತಗಡು ಉದುರೀತೆಂದು ಅಣ್ಣನಿಗೆ ಜೀವ ಹೋದಂತಾಗುತ್ತದೆ.

ನಾವು ಮೂಲತಃ ದೋಣಿಯ ಜನ. ಸರಕಾರದ ನೌಕಾನೆಲೆಗೆ ಜಾಗ ಹೋಗಿ ಕಡಲದಂಡೆಯ ಮನೆ ಬಿಟ್ಟು ಮೇಲೆ ಬಂದಾಗ ಅಣ್ಣ ದೋಣಿ ಮಾರಿ ಹಳೆಯ ಲಾರಿಯೊಂದನ್ನು ತಂದ. ದಂಡೆ ಬಿಡುವ ದಿನ ಊರಿಗೆ ಊರೇ ಅಳುತ್ತಿದ್ದರೆ ಅವನು ಮಾತ್ರ, "ಅತ್ತು ಎಂತ ಮಾಡೂದು? ಸಾಮಾನು ಹೊರ್ರಿ," ಎಂದು ಎಲ್ಲರನ್ನೂ ಗದರಿದ್ದ. ದೋಣಿಯ ಹೆಸರನ್ನೇ ಲಾರಿಯ ಹಣೆಯ ಮೇಲೆ ಬರೆಸಿದ. ಕಾರವಾರದ ಬಂದರಿನಲ್ಲಿ ಮೀನನ್ನು ಮಂಜುಗಡ್ಡೆಯೊಡನೆ ತುಂಬಿಕೊಂಡು ಅಂಕೋಲೆಯ ಪೇಟೆ, ಅಗಸೂರು ದಾಟಿ ಘಟ್ಟದವರೆಗೂ ಅವನು ಹೋಗಿ ಬರುತ್ತಿದ್ದ. ನಾನು ಕಾರವಾರದ ಕಚೇರಿಯ ಗುಮಾಸ್ತ. ಬೆಳಿಗ್ಗೆ ಬಸ್ಸು ತಪ್ಪಿದಾಗಲೆಲ್ಲ ಅದೇ ಲಾರಿ ನನಗೆ ಗತಿ, ಆಮೇಲೆ ಇಡೀ ದಿನ ಪಕ್ಕದ ಮೇಜಿನವರು ಮೂಗು ಹಿಡಿದುಕೊಳ್ಳುವುದೂ ಗತಿ.

ಉಪ್ಪು ತಿಂದವನು ಉಪ್ಪಿನ ಋಣ ತೀರಿಸಬೇಕೆನ್ನುತ್ತಾರೆ. ನಮ್ಮ ಕಡೆ ಉಪ್ಪೇ ಗಾಳಿಯೇರಿ ಮನೆ ಬಾಗಿಲಿಗೆ ಬಂದು ಋಣ ವಸೂಲು ಮಾಡಿಕೊಂಡು ಹೋಗುತ್ತದೆ. ಕಿಟಕಿಯ ಸರಳು, ಕೊಡೆಯ ಕಡ್ಡಿ, ಬಾವಿಯ ಗಾಲಿ, ಏನನ್ನೂ ಅದು ಬಿಡುವುದಿಲ್ಲ. ಹಾಗಿರುವಾಗ ಮೀನಿನ ಮಂಜುಗಡ್ಡೆ ಕರಗಿದ ನೀರನ್ನು ಹಗಲೆಲ್ಲ ಮೈಮೇಲೆ ಹರಿಸಿಕೊಳ್ಳುವ ಹಳೆಯ ಲಾರಿಯ ಪಾಡೇನು? ಅಣ್ಣ ತುಕ್ಕಿನ ಮೇಲೆ ಯುದ್ಧವನ್ನೇ ಸಾರಿದ. ಮಳೆಗಾಲಕ್ಕೆ ಮುಂಚೆ, ಉಳಿದವರು ದೋಣಿಗಳನ್ನು ಮೇಲಕ್ಕೆಳೆಯುವ ಹೊತ್ತಿಗೆ, ಇವನು ಲಾರಿಯನ್ನು ಬಾವಿಯ ಸಿಹಿನೀರಿನಲ್ಲಿ ತೊಳೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಕೆಂಪು ಪ್ರೈಮರ್ ಹಚ್ಚಿ, ಅದರ ಮೇಲೆ ದೋಣಿಗೆ ಬಳಿಯುವ ಹಾಗೆ ತಾರ್ಲೆ ಮೀನಿನ ಎಣ್ಣೆ ಬಳಿಯುತ್ತಿದ್ದ. "ಊರಿನ ಬೆಕ್ಕೆಲ್ಲ ನಿಮ್ಮ ಹಿಂದೇ ಬತ್ತಿದ್ದೊ," ಎಂದು ಅತ್ತಿಗೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಗುತ್ತಿದ್ದಳು.

ಅಲ್ಲಿಯವರೆಗೆ ಎಲ್ಲವೂ ಸರಿಯೇ ಇತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಬಾಗಿಲುಗಳ ತಳದಂಚಿನಲ್ಲಿ, ಕ್ಯಾಬಿನ್ನಿನ ನೆಲದಲ್ಲಿ ಸಣ್ಣ ಸಣ್ಣ ತೂತುಗಳಿರುವುದು ಒಂದು ವರ್ಷ ಅವನ ಕಣ್ಣಿಗೆ ಬಿತ್ತು. ದೋಣಿಯವನ ಕಣ್ಣಿಗೆ ತೂತೆಂದರೆ ಸಾವು. ಎಣ್ಣೆಯಲ್ಲಿ ರಾಳ ಕುದಿಸಿ, ಹತ್ತಿ ಅದ್ದಿ, ಒಂದನ್ನೂ ಬಿಡದೆ ಎಲ್ಲವನ್ನೂ ಬಿಗಿಯಾಗಿ ಜಡಿದು ಮುಚ್ಚಿದ. ಪ್ರತಿ ವರ್ಷವೂ ಮುಚ್ಚಿದ್ದನ್ನು ಮತ್ತೆ ಮುಚ್ಚಿದ. ಹೊರಗೆ ಲಾರಿ ಮದುಮಗನಂತೆ ಮಿರುಗುತ್ತಿತ್ತು.

ಮೊದಲು ಗೊತ್ತಾದದ್ದು ಅತ್ತಿಗೆಗೆ. ಒಂದು ದಿನ ಊಟದ ಬುತ್ತಿ ಇಟ್ಟು ಬಾಗಿಲು ಹಾಕಿದವಳು ಕಿವಿಗೊಟ್ಟು ನಿಂತು, "ಬಾಗ್ಲೊಳ್ಗೆ ನೀರು ಗುಳುಗುಳು ಅಂತದೆ, ಕೇಳಿ," ಎಂದಳು. ಅಣ್ಣ ನಕ್ಕುಬಿಟ್ಟ. ಅದೇ ತಿಂಗಳು ಆರ್‌ಟಿಓದವರ ಪಾಸಿಂಗ್‌ಗೆ ಮುಂಚೆ ತಗಡು ತೋರಿಸಲು ಅಂಕೋಲೆಯ ಟಿಂಕರನ ಬಳಿಗೆ ಹೋದಾಗ ನಾನೂ ಜೊತೆಗಿದ್ದೆ. ಅವನು ಬಾಗಿಲಿನ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದ. ಅದು ಹಪ್ಪಳದೊಳಗೆ ಹೋದಂತೆ ಹೋಯಿತು, ಹಿಂದೆಯೇ ಕಂದು ಬಣ್ಣದ ನೀರು ಧಾರೆಯಾಗಿ ಸುರಿಯಿತು.

"ತೂತು ಯಾಕೆ ಮುಚ್ಚಿದೆ ಮಾರಾಯಾ? ಅದು ನೀರು ಹೊರಗೆ ಹೋಗೂಕೆ ಇಟ್ಟದ್ದು," ಎಂದ ಟಿಂಕರ.

"ನೀರು ಒಳ್ಗೆ ಬರ್ಬಾರ್ದು ಅಂತ ಮುಚ್ದೆ," ಎಂದ ಅಣ್ಣ.

"ಕಿಟಕಿ ಸಂದಿಂದ ಬರೂದು ಬಂದೇ ಬತ್ತದೆ. ಬಂದದ್ದು ಎಲ್ಲಿಗೆ ಹೋಗ್ಬೇಕು, ಹೇಳು?"

ನೆಲ, ಕಂಬ, ಮೆಟ್ಟಿಲು ಎಲ್ಲವೂ ಒಳಗಿನಿಂದಲೇ ತಿಂದುಹೋಗಿದ್ದವು. ಹೊರಗೆ ಥಳಕು, ಒಳಗೆ ಹುಳುಕು. ಲಾರಿ ಪಾಸಾಗಲಿಲ್ಲ, ಗುಜರಿಗೆ ಹೋಯಿತು. ಒಂದು ಬಾಗಿಲನ್ನಷ್ಟೇ ಅಣ್ಣ ಬಿಚ್ಚಿಸಿಕೊಂಡು ತಂದ. ದೋಣಿ ಹೋದಾಗ ಹೇಗೋ ಹಾಗೆಯೇ ಈಗಲೂ ಅವನ ಕಣ್ಣಲ್ಲಿ ಹನಿ ಕಾಣಲಿಲ್ಲ. ಉಂಡ, ಮಲಗಿದ, ಬೇರೆಯವರ ಲಾರಿ ಓಡಿಸಲು ಹೋದ. ಮಾತು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಯಿತು. "ಇವ್ರು ಹೀಂಗೇ ಇದ್ರೆ ನಂಗೆ ಹೆದ್ರಿಕೆ ಆತದೆ," ಎಂದು ಅತ್ತಿಗೆ ನನ್ನೆದುರು ಕಣ್ಣೊರೆಸಿಕೊಂಡಳು. ನನಗೂ ಹೆದರಿಕೆಯೇ.

ಯೋಚಿಸಿದರೆ ನಾವೆಲ್ಲ ಇಂಥ ದೋಣಿಯವರೇ. ದುಃಖ ಹೊರಗಿನಿಂದ ನುಗ್ಗುವ ನೀರೆಂದು ತಿಳಿದು, ಗಂಡಸುತನವೆಂದೋ ಮರ್ಯಾದೆಯೆಂದೋ ಹೆಸರಿಟ್ಟು, ಸಿಕ್ಕ ಸಿಕ್ಕ ರಂಧ್ರಕ್ಕೆಲ್ಲ ಹತ್ತಿ ಜಡಿಯುತ್ತೇವೆ. ಅದು ಎಂದೋ ಒಳಗೆ ಬಂದು ಕುಳಿತಿದೆ, ಅದಕ್ಕೀಗ ಹೊರಹೋಗುವ ದಾರಿಯೊಂದೇ ಬೇಕಾಗಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಮುಂದಿನ ಮೇ ತಿಂಗಳ ಕೊನೆಗೆ ಅಣ್ಣ ಪೊರಕೆಯ ಹಿಡಿಕಡ್ಡಿಯೊಂದನ್ನು ಹಿಡಿದು ಬೇಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತಿದ್ದ. ಬಾಗಿಲಿನ ತಳದಲ್ಲಿ ಉಳಿದಿದ್ದ ತೂತುಗಳಿಂದ ರಾಳ, ಹತ್ತಿ, ತುಕ್ಕಿನ ಪುಡಿಯನ್ನು ಒಂದೊಂದಾಗಿ ಕೆದಕಿ ತೆಗೆಯುತ್ತಿದ್ದ. ಬೇಲಿಯ ಬಾಗಿಲಿಗೆ ಈ ಉಪಚಾರವೇಕೆಂದು ನಾನು ಕೇಳಲಿಲ್ಲ. ಅಷ್ಟರಲ್ಲೇ ಮೊದಲ ಮಳೆ ಹೊಯ್ದು, ಕೋಳಿ ಕಿಟಕಿಯಿಂದ ಹಾರಿ ಓಡಿತು. ಕಿಟಕಿಯ ಸಂದಿಯಲ್ಲಿ ಇಳಿದ ನೀರು ಸ್ವಲ್ಪ ತಡೆದು, ಆಮೇಲೆ ಕೆಳಗಿನ ತೂತುಗಳಿಂದ ಕೆಂಪಗೆ ತೊಟ್ಟಿಕ್ಕತೊಡಗಿತು, ಬರಬರುತ್ತ ತಿಳಿಯಾಯಿತು.

"ದಂಡೆ ಮೇಲೆ ಇದ್ದಿದ್ರೆ ಇಷ್ಟೊತ್ಗೆ ದೋಣಿಗೆ ತೆಂಗಿನ ಮಡ್ಲು ಹೊದಿಸ್ತಿದ್ವು," ಎಂದ ಅಣ್ಣ. ದಂಡೆ ಬಿಟ್ಟ ಮೇಲೆ ಅವನ ಬಾಯಲ್ಲಿ ಅದರ ಮಾತು ಬಂದದ್ದು ಅದೇ ಮೊದಲು. ಮರುಕ್ಷಣ ಬಾಗಿಲಿಗೆ ಹಣೆಯಾನಿಸಿ ಗಟ್ಟಿಯಾಗಿ ಅಳತೊಡಗಿದ.

ಅತ್ತಿಗೆ ಜಗಲಿಯಲ್ಲೇ ನಿಂತಳು. ನಾನು ಮಳೆಯಲ್ಲಿ ಓಡಿ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟೆ. ಅಳಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.