ಹಲ್ಲಿಯ ಭಯಕ್ಕೆ ಉದ್ದವಾದ ತಂತಿ

ಮಾರ್ಚ್ ಒಂಬತ್ತು, ಬೆಳಿಗ್ಗೆ ಹತ್ತೂವರೆ. ಕಡೂರಿನ ರಿಪೇರಿ ಅಂಗಡಿಯಲ್ಲಿ ನಾವು ಕಟ್ಟಿದ ಇನ್ವರ್ಟರಿನ ಸ್ವಿಚ್ ಒತ್ತಿದ್ದೇ ತಡ, ಮಾಸ್‌ಫೆಟ್ ಸಿಡಿಯಿತು. ಅದರ ಕಪ್ಪು ಚೂರು ಗೆಳೆಯನ ಹುಬ್ಬನ್ನು ಸೀಳಿತು. ಅವನೂ ನಾನೂ ಡಿಪ್ಲೊಮಾದಲ್ಲಿ ಒಂದೇ ತರಗತಿ. ಅಂಗಡಿ ಅವನದು, ಪ್ರೋಗ್ರಾಮು ನನ್ನದು. ಅವನು ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕ ಬರೆದೆ: ಸುಟ್ಟ ಮಾಸ್‌ಫೆಟ್ ನಾಲ್ಕು, ಹೊಲಿಗೆ ಮೂರು.

ಇನ್ವರ್ಟರು ಅಜ್ಜಂಪುರದಲ್ಲಿರುವ ಅವನ ಅಕ್ಕನಿಗೆ. ನಾನೂ ಅವರನ್ನು ಆಪಾ ಎಂದೇ ಕರೆಯುತ್ತೇನೆ. ನಾಟಿಕೋಳಿಯ ಮೊಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು ಮರಿ ಮಾಡಿ ಮಾರುತ್ತಾರೆ. ಹಿಂದಿನ ಸಲ ಕರೆಂಟು ಹೋಗಿ ಎಲ್ಲವೂ ಚಿಪ್ಪಿನೊಳಗೇ ಸತ್ತಿದ್ದವು. ಈ ಸಲವೂ ಹಾಗಾದರೆ ಕೆಲಸವನ್ನೇ ನಿಲ್ಲಿಸುವುದಾಗಿ ಹೇಳಿದ್ದರು. ಮರಿ ಹೊರಬರಲು ಮೂರೇ ದಿನ ಉಳಿದಿತ್ತು.

ಮಾಸ್‌ಫೆಟ್ ಎಂದರೆ ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ಹಿಡಿಯುವ ಸ್ವಿಚ್. ಅದಕ್ಕೆ ಅಪ್ಪಣೆ ಕೊಡುವುದು ನನ್ನ ಪ್ರೋಗ್ರಾಮು ಓಡುವ ಮೈಕ್ರೋಕಂಟ್ರೋಲರು. ಅದರ ಐದು ವೋಲ್ಟು ಸಾಲದು. ಹನ್ನೆರಡಕ್ಕೆ ಏರಿಸಿ ಮಾಸ್‌ಫೆಟ್ಟಿನ ಗೇಟ್ ಎಂಬ ಕಾಲಿಗೆ ಕೊಡುವುದು ಡ್ರೈವರ್ ಚಿಪ್. ಮಾಸ್‌ಫೆಟ್‌ಗಳು ಮೇಲೊಂದು ಕೆಳಗೊಂದು ಜೋಡಿಯಾಗಿರುತ್ತವೆ. ಎರಡೂ ಒಟ್ಟಿಗೆ ಆನ್ ಆದರೆ ಬ್ಯಾಟರಿಯ ಎರಡು ತುದಿ ನೇರವಾಗಿ ಕೂಡಿಕೊಂಡು ಎಲ್ಲ ಸುಡುತ್ತದೆ. ಅದಕ್ಕೇ ಒಂದು ಆಫ್ ಆಗಿ ಇನ್ನೊಂದು ಆನ್ ಆಗುವುದರ ನಡುವೆ ಪ್ರೋಗ್ರಾಮಿನಲ್ಲಿ ಚೂರು ಬಿಡುವು ಇಟ್ಟಿದ್ದೆ. ಸಿಡಿದಾಗಲೆಲ್ಲ ಬಿಡುವನ್ನು ಹೆಚ್ಚಿಸಿದೆ. ಗೆಳೆಯ ತರೀಕೆರೆಯ ಗುಜರಿಯಿಂದ ಹಳೆಯ ಯುಪಿಎಸ್‌ಗಳ ಮಾಸ್‌ಫೆಟ್ ಕಿತ್ತು ತಂದ. ಮತ್ತೆ ಸಿಡಿಯಿತು.

"ನಿನ್ ಪ್ರೋಗ್ರಾಮೇ ಸರಿಯಿಲ್ಲ ಕಣೇ."

"ನಿನ್ ಗುಜರಿ ಮಾಲ್ ಸರಿಯಿಲ್ಲ ಕಣೋ."

ಅವನು ಸ್ಪ್ಯಾನರ್ ಬೀಸಿ ಮೇಜಿಗೆ ಹೊಡೆದ. ಮಲ್ಟಿಮೀಟರಿನ ಗಾಜು ಪುಡಿಯಾಯಿತು.

ಮಾರನೆಯ ದಿನ ಹೊಸ ಮಾಸ್‌ಫೆಟ್ ಹಾಕಿ ಅಜ್ಜಂಪುರಕ್ಕೆ ಒಯ್ದೆವು. ಬಲ್ಬು ಉರಿಯಿತು. ಇನ್‌ಕ್ಯುಬೇಟರಿನ ಫ್ಯಾನ್ ಹಾಕಿದೆವು, ಗುಂಡು ಹಾರಿದಂಥ ಸದ್ದಾಗಿ ಬ್ಯಾಟರಿಯ ತಂತಿಗೆ ಬೆಂಕಿ ಹತ್ತಿತು. ಆಪಾ ಗೋಣಿಚೀಲ ಎಸೆದು ಬೆಂಕಿಯನ್ನು ತುಳಿದು ಆರಿಸಿದರು, ತಿರುಗಿ ತಮ್ಮನ ಕೆನ್ನೆಗೆ ಬಾರಿಸಿದರು. ಹುಬ್ಬಿನ ಹೊಲಿಗೆ ಬಿಚ್ಚಿ ರಕ್ತ ಕಣ್ಣಿಗಿಳಿಯಿತು.

"ಮರಿ ಮಾಡಕ್ಕೆ ತಂದ್ಯೇನೋ, ಮನೆ ಸುಡಕ್ಕೆ ತಂದ್ಯೇನೋ?" ಎಂದು ನನ್ನ ಕಡೆ ಕೈ ಎತ್ತಿದರು. "ನಿನ್ಗೂ ಒಂದ್ ಬಿಗೀಬೇಕಿತ್ತು ಕಣೇ. ಬೇರೆಯವ್ರ ಮಗ್ಳು ಅಂತ ಬಿಟ್ಟಿದೀನಿ."

ನಾನು ಸುಟ್ಟದ್ದನ್ನು ಕೆದಕುತ್ತ ಕುಳಿತೆ. ಸಿಡಿದದ್ದು ಮತ್ತೆ ಕೆಳಗಿನದೇ, ಅದೂ ಗೇಟಿನ ತಂತಿ ಎಲ್ಲಕ್ಕಿಂತ ಉದ್ದವಿದ್ದದ್ದು. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಬೆಚ್ಚಗಿರುವ ಇನ್ವರ್ಟರಿನೊಳಗೆ ಹಲ್ಲಿ ನುಗ್ಗಿ ಬೋರ್ಡು ಸುಡುತ್ತದೆಂದು ಚಿಪ್‌ಗಳನ್ನೆಲ್ಲ ಸ್ಟೀಲ್ ಟಿಫನ್ ಡಬ್ಬಿಯಲ್ಲಿ ಮುಚ್ಚಿ ಮಾಸ್‌ಫೆಟ್‌ಗಳಿಂದ ದೂರ ಇಡುತ್ತೇವೆ. ಡ್ರೈವರೂ ಡಬ್ಬಿಯಲ್ಲೇ, ಅಲ್ಲಿಂದ ಗೇಟಿಗೆ ಮೊಳದುದ್ದದ ತಂತಿ. ಮೇಲಿನ ಮಾಸ್‌ಫೆಟ್ ಥಟ್ಟನೆ ಆನ್ ಆದಾಗ ಏರುವ ವೋಲ್ಟೇಜಿನ ಒದೆತ ಕೆಳಗಿನದರ ಮೈಯೊಳಗಿಂದಲೇ ಅದರ ಗೇಟಿಗೆ ತಗಲುತ್ತದೆ. ಅಷ್ಟು ದೂರದ ಡ್ರೈವರ್ ಗೇಟನ್ನು ಹಿಡಿದಿಡಲಾರದೆ ಆಫ್ ಇರಬೇಕಾದದ್ದು ತಾನಾಗಿ ಆನ್ ಆಗುತ್ತದೆ. ಬಿಡುವು ಎಷ್ಟಿದ್ದರೂ ಪ್ರಯೋಜನವಿಲ್ಲ.

ಅಂಗಳದಲ್ಲೇ ಸುಟ್ಟದ್ದನ್ನು ಬದಲಿಸಿ, ಡ್ರೈವರನ್ನು ಮಾಸ್‌ಫೆಟ್ಟಿನ ಕಾಲ ಬುಡಕ್ಕೆ ತಂದು ಬೆಸೆದೆ. ಆಫ್ ಇದ್ದಾಗ ಗೇಟಿನಲ್ಲಿ ವೋಲ್ಟೇಜ್ ಉಳಿಯದಂತೆ ಪ್ರತಿ ಗೇಟಿಗೂ ಹತ್ತು ಕಿಲೋ ಓಮ್ ರೆಸಿಸ್ಟರ್ ಹಾಕಿದೆ. ಹಲ್ಲಿಗಳಿಗೆ ಸೊಳ್ಳೆ ಜಾಲರಿ ಸಾಕಾಯಿತು.

ಸಂಜೆ ನಾಲ್ಕೂಕಾಲಿಗೆ ಕರೆಂಟು ಹೋಯಿತು. ಫ್ಯಾನ್ ನಿಲ್ಲಲಿಲ್ಲ. ಆಪಾ ಕೈಯಲ್ಲಿ ದೊಣ್ಣೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಯಾರಿಗೆಂದು ನಾವು ಕೇಳಲಿಲ್ಲ. ಹನ್ನೆರಡನೆಯ ತಾರೀಖು ಮರಿಗಳು ಚಿಪ್ಪನ್ನು ಒಳಗಿನಿಂದ ಕುಟ್ಟಿ ಒಡೆದವು. ಅರವತ್ತು ಮೊಟ್ಟೆಯಲ್ಲಿ ನಲವತ್ತೊಂದು ಬದುಕಿದವು.

ಆಪಾ ಹೊಸ ಮೊಟ್ಟೆ ಇಟ್ಟಿದ್ದಾರೆ. ಆದರೆ ಫ್ಯಾನ್ ಶುರುವಾಗುವಾಗ ಕೆಳಗಿನ ಮಾಸ್‌ಫೆಟ್ ಈಗಲೂ ಕೈ ಸುಡುವಷ್ಟು ಕಾಯುತ್ತದೆ. ಡ್ರೈವರಿನಿಂದ ಗೇಟಿಗೆ ಹೋಗುವ ದಾರಿಯಲ್ಲಿ ಇಪ್ಪತ್ತೆರಡು ಓಮ್‌ನ ಇನ್ನೊಂದು ರೆಸಿಸ್ಟರ್ ಇದೆ. ಇಳಿಸಿದರೆ ಒದೆತ ಜಾಸ್ತಿ, ಏರಿಸಿದರೆ ಬಿಸಿ ಜಾಸ್ತಿ. ಗೇಟಿನ ವೋಲ್ಟೇಜಿನ ಅಲೆಯನ್ನು ತೋರಿಸುವ ಯಂತ್ರ ನಮ್ಮಲ್ಲಿಲ್ಲ. ಸಣ್ಣ ಮೋಟಾರಿಗೆ ಈ ಲೆಕ್ಕ ಹಾಕಿ ಬಲ್ಲವರು ಯಾರಾದರೂ ಇದ್ದರೆ, ಈ ಮೊಟ್ಟೆಗಳು ಒಡೆಯುವ ಮೊದಲೇ ದಯವಿಟ್ಟು ಬರೆದು ತಿಳಿಸಿ.